ಯಂತ್ರದ ದುಭಾಷಿ: ಡ್ರೈವರ್ ಕೋಡಿನ ಪರಿಶೋಧನಕ್ರಮ

ಬೆಂಗಳೂರು ನಗರದ ಪಶ್ಚಿಮಭಾಗದ ರಾಜಾಜಿನಗರವು 1949ರಲ್ಲಿ ಕೈಗಾರಿಕೆಯ ಉಪನಗರವಾಗಿ ಸ್ಥಾಪಿತವಾದುದು. ಅಲ್ಲಿಯೂ ಅದರ ವಾಯವ್ಯದಲ್ಲಿರುವ ಪೀಣ್ಯದಲ್ಲಿಯೂ ಲೋಹವನ್ನು ಕಡೆಯುವ, ಕೊರೆಯುವ ಯಂತ್ರಗಳ ಕೆಲಸವು ಬಹುಕಾಲದಿಂದ ಪ್ರಸಿದ್ಧವಾಗಿದೆ. ಈಚಿನ ಕೆಲವು ದಶಕಗಳಲ್ಲಿ ಆ ಕಡೆಯ ಬಡಾವಣೆಗಳಲ್ಲಿ ಇನ್ನೊಂದು ವೃತ್ತಿಯೂ ನೆಲೆಗೊಂಡಿದೆ. ವಿಜಯನಗರ, ಬಸವೇಶ್ವರನಗರಗಳ ಮನೆಗಳಿಂದ ಹೊರಟು, ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯ ಮಗ್ಗುಲಲ್ಲಿ ಎದ್ದಿರುವ ಸೌಧಗಳಿಗೋ ನಗರದ ಮತ್ತೊಂದು ತುದಿಗೋ ದಿನವೂ ಹೋಗಿಬರುವ ತರುಣ ತರುಣಿಯರಲ್ಲಿ ಕೆಲವರ ಉದ್ಯೋಗವು ಗಣಕಯಂತ್ರದ ಅಂತರಂಗದ ಗ್ರಂಥವನ್ನು ಬರೆಯುವುದು. ಅದಕ್ಕಿಂತಲೂ ಹೆಚ್ಚಾಗಿ, ಇತರರು ಬರೆದುದನ್ನು ಓದಿ ದೋಷವನ್ನು ಎತ್ತಿ ತೋರಿಸುವುದು. ಈ ಎರಡನೆಯ ಕಾರ್ಯಕ್ಕೆ 'ರಿವ್ಯೂ' ಎಂದು ಹೆಸರು. ಕನ್ನಡದಲ್ಲಿ ಪರಿಶೋಧನೆ ಎನ್ನಬಹುದು. ಇವರಲ್ಲಿ ಅನೇಕರು ಸಾಹಿತ್ಯದ ಅಧ್ಯಾಪಕರ ತರಗತಿಗಳಲ್ಲಿ ಕುಳಿತೆದ್ದವರೇ ಆಗಿದ್ದರೂ, ಅವರು ಮಾಡುವ ಓದು ಎಂತಹದೆಂಬುದು ಸಾಹಿತ್ಯದವರಿಗೆ ಅಷ್ಟಾಗಿ ವಿದಿತವಾಗಿಲ್ಲ. ಆ ಓದಿನ ಸ್ವರೂಪವನ್ನು, ಅದರಲ್ಲಿಯೂ ಕಷ್ಟತಮವೆಂದು ಎಣಿಸಲ್ಪಟ್ಟಿರುವ ಡ್ರೈವರ್ ಗ್ರಂಥಗಳ ಪರಿಶೋಧನೆಯನ್ನು, ಶಾಸ್ತ್ರವಾಚನದ ಪರಿಭಾಷೆಯಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪದಾರ್ಥನಿರೂಪಣೆ. ಗಣಕಯಂತ್ರದಲ್ಲಿ ನಡೆಯುವ ಯಾವತ್ತು ಕಾರ್ಯಗಳಿಗೂ ಒಡೆಯನಾಗಿ, ಯಾರಿಗೆ ಎಷ್ಟು ಜಾಗ, ಯಾರಿಗೆ ಎಷ್ಟು ಹೊತ್ತು ಎಂದು ಹಂಚಿಕೊಡುವ ಮೂಲಗ್ರಂಥಕ್ಕೆ ಕರ್ನಲ್ ಎಂದು ಹೆಸರು. ಕರ್ನಲ್ಲಿಗೆ ತನ್ನದೇ ಆದ ಒಂದು ಭಾಷೆಯುಂಟು. ಆದರೆ ಹೊರಗಿನಿಂದ ಬಂದು ಸೇರುವ ಸಾಧನಗಳು, ಎಂದರೆ ಪರದೆ, ಕೀಲಿಮಣೆ, ಜಾಲಕ್ಕೆ ಜೋಡಿಸುವ ಕಾರ್ಡು, ಉಷ್ಣತೆಯನ್ನು ಅಳೆಯುವ ಚಿಪ್ಪು, ಇವುಗಳಲ್ಲಿ ಒಂದೊಂದು ಒಂದೊಂದು ಭಾಷೆಯನ್ನಾಡುತ್ತದೆ. ಈ ಎರಡು ಪಕ್ಷಗಳ ನಡುವೆ ನಿಂತು, ಕರ್ನಲ್ಲಿನ ಮಾತನ್ನು ಸಾಧನಕ್ಕೂ ಸಾಧನದ ಮಾತನ್ನು ಕರ್ನಲ್ಲಿಗೂ ತಿಳಿಸುವ ಗ್ರಂಥಭಾಗವೇ ಡ್ರೈವರ್. ಇದನ್ನು 'ಚಾಲಕ'ವೆಂದು ಕನ್ನಡಿಸುವುದು ರೂಢಿಯಾಗುತ್ತಿದೆಯಾದರೂ, ಆ ಶಬ್ದದಿಂದ ಬಸ್ಸನ್ನು ನಡೆಸುವವನ ಚಿತ್ರವೇ ಮೊದಲು ಮನಸ್ಸಿಗೆ ಬರುವುದು. ನಮ್ಮ ಹಳೆಯ ದರಬಾರುಗಳಲ್ಲಿ ಪರದೇಶದ ವರ್ತಕರಿಗೂ ಅರಸನಿಗೂ ನಡುವೆ ನಿಲ್ಲುತ್ತಿದ್ದ ದುಭಾಷಿಯ ಚಿತ್ರವೇ ಇಲ್ಲಿ ಹೆಚ್ಚು ಸಮಂಜಸವಾದುದು. ದುಭಾಷಿಯು ತಪ್ಪು ನುಡಿದರೆ ಎರಡು ಪಕ್ಷದವರೂ ನಿರ್ದೋಷಿಗಳಾಗಿದ್ದರೂ ಕಾರ್ಯವು ಕೆಡುತ್ತದೆ. ತಪ್ಪು ಯಾರದೆಂಬುದೂ ಬೇಗ ತಿಳಿಯದು.

ಕರ್ನಲ್ಲುಗಳಲ್ಲಿ ಲೋಕಪ್ರಸಿದ್ಧವಾದುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಎಂಬಾತನು ಆರಂಭಿಸಿದ ಲಿನಕ್ಸ್. ಅದರ ಮೂಲವು ಯಾರು ಬೇಕಾದರೂ ಓದಬಹುದಾದ ಬಹಿರಂಗಗ್ರಂಥ. ಇಂದು ಅದು ಮೂರು ಕೋಟಿ ಸಾಲುಗಳನ್ನು ಮೀರಿ ಬೆಳೆದಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವು ಡ್ರೈವರುಗಳದೇ ಆಗಿದೆ. ಕರ್ಣಾಟಕಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರೂ ಕೂಡಿ ರೂಪಿಸಿ 2001ರಲ್ಲಿ ಪ್ರದರ್ಶಿಸಿದ ಅಂಗೈಯಗಲದ 'ಸಿಂಪ್ಯೂಟರ್' ಎಂಬ ಗಣಕವು ಲಿನಕ್ಸನ್ನೇ ಆಶ್ರಯಿಸಿದ್ದಿತು. ಅದರ ಒಂದು ರೂಪವನ್ನು 'ಅಮಿಡಾ' ಎಂಬ ಹೆಸರಿನಿಂದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯವರು 2004ರಲ್ಲಿ ತಯಾರಿಸಿ ಹೊರತಂದರು. ಕಡ್ಡಿಯಿಂದ ಮುಟ್ಟಿದ ಸ್ಥಾನವನ್ನು ತಿಳಿಯುವ ಪರದೆ, ಸ್ಮಾರ್ಟ್ ಕಾರ್ಡನ್ನು ಓದುವ ಸೀಳು, ಇವೆಲ್ಲಕ್ಕೂ ಒಂದೊಂದು ದುಭಾಷಿ ಬೇಕಾಗಿದ್ದಿತೆಂದು ಬೇರೆ ಹೇಳಬೇಕಾಗಿಲ್ಲ. ಸಿಂಪ್ಯೂಟರ್ ಬಹುಕಾಲ ನಡೆಯಲಿಲ್ಲ. ಆ ವಿದ್ಯೆ ಮಾತ್ರ ಊರಿನಲ್ಲಿ ಉಳಿಯಿತು. 1985ರಲ್ಲಿ ಬೆಂಗಳೂರಿನಲ್ಲಿ ಶಾಖೆಯನ್ನು ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಇಲ್ಲಿಯ ಎಂಜಿನಿಯರೊಬ್ಬರು ರಚಿಸಿದ 'ಫೈ' ವರ್ಗದ ಡ್ರೈವರುಗಳ ಸಾಮಾನ್ಯ ಚೌಕಟ್ಟು 2014ರ ಆರಂಭದಲ್ಲಿ ಹೊರಬಂದ ಲಿನಕ್ಸಿನ 3.13ನೆಯ ಆವೃತ್ತಿಯಲ್ಲಿ ಸೇರಿತು. ಆದುದರಿಂದ ಈ ವಿಷಯವು ಪರದೇಶದ ವೃತ್ತಾಂತವೆಂದು ಉಪೇಕ್ಷಿಸತಕ್ಕದ್ದಲ್ಲ.

ಡ್ರೈವರುಗಳನ್ನೇ ವಿಶೇಷವಾಗಿ ಪರಿಶೋಧಿಸಬೇಕಾದುದೇಕೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಲಿನಕ್ಸಿನ ಇತರ ಭಾಗಗಳಿಗೆ ಹೋಲಿಸಿದರೆ ಡ್ರೈವರುಗಳಲ್ಲಿ ದೋಷದ ಪ್ರಮಾಣವು ಮೂರರಿಂದ ಏಳರಷ್ಟು ಅಧಿಕವಾಗಿರುವುದುಂಟೆಂದು ಕಂಡುಬಂದಿತು. ಹತ್ತು ವರ್ಷಗಳ ತರುವಾಯ, 2011ರಲ್ಲಿ, ಬೇರೆ ವಿದ್ವಾಂಸರು ಅದೇ ಪ್ರಶ್ನೆಯನ್ನು ಮತ್ತೆ ವಿಚಾರಿಸಿದಾಗ ಡ್ರೈವರುಗಳ ಸ್ಥಿತಿಯು ಬಹಳ ಸುಧಾರಿಸಿದ್ದು, ದೋಷಪ್ರಮಾಣದಲ್ಲಿ ಬೇರೊಂದು ಭಾಗವು ಅವನ್ನು ಮೀರಿಸಿದ್ದಿತು. ಈ ಸುಧಾರಣೆಗೆ ದೋಷವನ್ನು ಹುಡುಕುವ ಯಂತ್ರೋಪಕರಣಗಳೂ ಕಾರಣ, ಓದುವ ಕಣ್ಣುಗಳೂ ಕಾರಣ. ಇದರ ಜೊತೆಗೆ ಇನ್ನೊಂದು ಸಂಗತಿಯುಂಟು. ಸಾಮಾನ್ಯವಾದ ಕಾರ್ಯಕ್ರಮವೊಂದು ತಪ್ಪಿದರೆ ಅದು ಮಾತ್ರ ಬೀಳುತ್ತದೆ. ಡ್ರೈವರು ಕರ್ನಲ್ಲಿನ ಒಡಲೊಳಗೇ ಇರುವುದರಿಂದ ಅದು ತಪ್ಪಿದರೆ ಇಡೀ ಯಂತ್ರವೇ ಬೀಳುತ್ತದೆ.

ವಿಷಯವನ್ನು ಒಂದು ದೃಷ್ಟಾಂತದಿಂದ ತಿಳಿಯುವುದು ಸುಲಭ. ಬಸವೇಶ್ವರನಗರದ ಒಂದು ಮನೆಯ ಮಾಳಿಗೆಯ ಮೇಲಿನ ತೊಟ್ಟಿಯಲ್ಲಿ ನೀರಿನ ಮಟ್ಟವನ್ನು ಅಳೆದು ಹೇಳುವ ಒಂದು ಚಿಕ್ಕ ಸಾಧನವಿದೆಯೆಂದು ಭಾವಿಸೋಣ. ನೀರು ಕಂಠಮಟ್ಟಕ್ಕೆ ಬಂದೊಡನೆ ಅದು ಗಣಕಕ್ಕೆ ಸಂಜ್ಞೆಯನ್ನು ಕಳುಹಿಸಬೇಕು. ಗಣಕವು ಪಂಪನ್ನು ನಿಲ್ಲಿಸಬೇಕು. ಸಾಧನವು ಮಟ್ಟವನ್ನು ಎರಡು ಬೈಟುಗಳಲ್ಲಿ ಇಟ್ಟಿರುತ್ತದೆ: ಒಂದು ಹಿರಿಯದು, ಒಂದು ಕಿರಿಯದು. ಕಿರಿಯದರಲ್ಲಿ 0ಯಿಂದ 255ರ ವರೆಗೆ ಎಣಿಸಬಹುದು. 256 ಆದೊಡನೆ ಕಿರಿಯದು ಮತ್ತೆ ಸೊನ್ನೆಯಾಗಿ ಹಿರಿಯದು ಒಂದಾಗುತ್ತದೆ. ಡ್ರೈವರನ್ನು ಬರೆದವನು ಮೊದಲು ಹಿರಿಯದನ್ನು ಓದಿ, ಬಳಿಕ ಕಿರಿಯದನ್ನು ಓದಿ, ಎರಡನ್ನೂ ಕೂಡಿಸುತ್ತಾನೆ. ಮೇಲುನೋಟಕ್ಕೆ ಇದರಲ್ಲಿ ದೋಷವಿಲ್ಲ. ಬರೆದವನು ಸಾವಿರ ಸಲ ಪರೀಕ್ಷಿಸಿದರೂ ಸಾವಿರ ಸಲವೂ ಸರಿಯಾದ ಉತ್ತರವೇ ಬರಬಹುದು. ಆದರೆ ಮಟ್ಟವು 255 ಇದ್ದಾಗ ಹಿರಿಯದನ್ನು ಓದಿದನೆಂದಿಟ್ಟುಕೊಳ್ಳೋಣ: ಸೊನ್ನೆ ಬಂದಿತು. ಆ ಓದಿಗೂ ಮುಂದಿನ ಓದಿಗೂ ನಡುವಣ ಅಲ್ಪಕಾಲದಲ್ಲಿ ನೀರು ಒಂದಂಶ ಏರಿ 256 ಆಯಿತು. ಈಗ ಕಿರಿಯದನ್ನು ಓದಿದರೆ ಅಲ್ಲಿಯೂ ಸೊನ್ನೆ. ಎರಡು ಸೊನ್ನೆಗಳು ಕೂಡಿ ತೊಟ್ಟಿಯು ಬರಿದಾಗಿದೆಯೆಂಬ ಜ್ಞಾನವುಂಟಾಯಿತು. ಎರಡು ಓದುಗಳಲ್ಲಿ ಪ್ರತಿಯೊಂದೂ ತನ್ನ ಕ್ಷಣದಲ್ಲಿ ಸತ್ಯವಾದುದೇ. ಕೂಡಿ ಬಂದುದು ಮಾತ್ರ ಯಾವ ಕ್ಷಣದಲ್ಲಿಯೂ ಇಲ್ಲದಿದ್ದ ಸ್ಥಿತಿ.

ಇದನ್ನು ಕಂಡುಹಿಡಿಯತಕ್ಕವನು ಪರಿಶೋಧಕ. ಅವನ ಬಳಿಯಲ್ಲಿ ಪ್ರಾಯಶಃ ಆ ಸಾಧನವೇ ಇರುವುದಿಲ್ಲ. ನೈಯಾಯಿಕರು ಹೇಳುವ ಪ್ರಮಾಣಗಳಲ್ಲಿ ಪ್ರತ್ಯಕ್ಷವು ಬರೆದವನ ಪಾಲಿಗೆ ಬಂದಿರುತ್ತದೆ. ಪರಿಶೋಧಕನ ಪಾಲಿಗೆ ಉಳಿದುದು ಅನುಮಾನ ಮತ್ತು ಶಬ್ದ. ಶಬ್ದಪ್ರಮಾಣವೆಂದರೆ ಇಲ್ಲಿ ಸಾಧನದ ತಯಾರಕರು ಹೊರಡಿಸುವ ಲಕ್ಷಣಪತ್ರಿಕೆ, ಅವರು 'ಡೇಟಾಶೀಟ್' ಎಂದು ಕರೆಯುವುದು. 'ಹಿರಿಯ ಬೈಟನ್ನು ಓದಿದೊಡನೆ ಕಿರಿಯದನ್ನು ಸಾಧನವು ಹಿಡಿದಿಟ್ಟುಕೊಳ್ಳುತ್ತದೆ' ಎಂಬ ಅರ್ಥದ ಒಂದು ವಾಕ್ಯವು ಅದರಲ್ಲಿದ್ದರೆ ಮೇಲಿನ ಕೋಡು ನಿರ್ದೋಷವಾದುದು. ಇಲ್ಲದಿದ್ದರೆ ಎರಡು ಬೈಟುಗಳನ್ನೂ ಒಂದೇ ಸೆಳೆತದಲ್ಲಿ ಓದಬೇಕು. ಸಾಧನವು ಅದಕ್ಕೆ ಒಪ್ಪದಿದ್ದರೆ ಹಿರಿಯದನ್ನು ಕೊನೆಯಲ್ಲಿ ಮತ್ತೊಮ್ಮೆ ಓದಿ, ಬದಲಾಗಿದ್ದರೆ ಮೊದಲಿನಿಂದ ಆರಂಭಿಸಬೇಕು. ಇಂತು ಒಂದೇ ಕೋಡು ಇನ್ನೊಂದು ಗ್ರಂಥದ ಒಂದು ವಾಕ್ಯವನ್ನವಲಂಬಿಸಿ ಸಾಧುವೂ ಅಸಾಧುವೂ ಆಗುತ್ತದೆ. ಲಕ್ಷಣಪತ್ರಿಕೆಯೂ ಆಪ್ತವಾಕ್ಯವೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ತಯಾರಕರೇ ತರುವಾಯ ಹೊರಡಿಸುವ ಒಪ್ಪೋಲೆಗಳಲ್ಲಿ, ಇಂತಹ ಸಂದರ್ಭದಲ್ಲಿ ಸಾಧನವು ಹೇಳಿದಂತೆ ನಡೆಯುವುದಿಲ್ಲವೆಂಬ ಅಪವಾದಗಳು ಬರುವುದುಂಟು. ಉತ್ಸರ್ಗವನ್ನು ಮಾತ್ರ ಓದಿ ಅಪವಾದವನ್ನು ಓದದೆ ಇದ್ದವನು ವ್ಯಾಕರಣದಲ್ಲಿ ಎಂತೋ ಇಲ್ಲಿಯೂ ಅಂತೆಯೇ ಕೆಡುತ್ತಾನೆ.

ಇಲ್ಲಿ ಒಂದು ಶಂಕೆ ಉಂಟಾಗಬಹುದು: ಸಾಧನವನ್ನು ಜೋಡಿಸಿ ಪರೀಕ್ಷಿಸಿ ನೋಡಿದ ಮೇಲೆ ಓದಿ ನೋಡಬೇಕಾದುದೇನು? ಇದಕ್ಕೆ ಸಮಾಧಾನವು ಡ್ರೈವರಿನ ರಚನೆಯಲ್ಲಿಯೇ ಇದೆ. ಸಾಧನವು ಜೋಡಿಸಲ್ಪಟ್ಟೊಡನೆ ಡ್ರೈವರು ಒಂದಾದ ಮೇಲೊಂದರಂತೆ ಕೆಲವು ಸಂಗತಿಗಳನ್ನು ಕೈಗೆ ತೆಗೆದುಕೊಳ್ಳುತ್ತದೆ: ವಿದ್ಯುತ್ತನ್ನು ಕೊಡುವುದು, ಮೆಮೊರಿಯನ್ನು ಪಡೆಯುವುದು, ಸಂಜ್ಞೆ ಬಂದಾಗ ತನ್ನನ್ನು ಕರೆಯಬೇಕೆಂದು ಬರೆಸಿಕೊಳ್ಳುವುದು, ಕೊನೆಗೆ 'ಇಂತಹ ಸಾಧನ ಸಿದ್ಧವಾಗಿದೆ' ಎಂದು ಕರ್ನಲ್ಲಿನಲ್ಲಿ ಘೋಷಿಸುವುದು. ಇವುಗಳಲ್ಲಿ ಯಾವುದಾದರೂ ವಿಫಲವಾದರೆ ಅದಕ್ಕೆ ಹಿಂದೆ ತೆಗೆದುಕೊಂಡುದೆಲ್ಲವನ್ನೂ, ತೆಗೆದುಕೊಂಡ ಕ್ರಮಕ್ಕೆ ವಿಪರೀತವಾದ ಕ್ರಮದಲ್ಲಿ, ಹಿಂದಿರುಗಿಸಬೇಕು. ಬರೆದವನ ಮೇಜಿನ ಮೇಲೆ ಯಾವುದೂ ವಿಫಲವಾಗುವುದಿಲ್ಲ. ಆದುದರಿಂದ ಆ ಹಿಂದಿರುಗುವ ದಾರಿಯ ಸಾಲುಗಳು ಒಂದು ಸಲವೂ ನಡೆಯದೆಯೇ ಲೋಕಕ್ಕೆ ಬಂದುಬಿಡುತ್ತವೆ. ಮೂರನೆಯ ಹೆಜ್ಜೆ ತಪ್ಪಿದಾಗ ಮೊದಲನೆಯದನ್ನು ಬಿಚ್ಚುವುದು ಮರೆತುಹೋಗಿದ್ದರೆ, ಉಪಯೋಗಕ್ಕೆ ಬಾರದ ಸಾಧನದಲ್ಲಿ ವಿದ್ಯುತ್ತು ಹರಿಯುತ್ತಲೇ ಇರುವುದು. ಪರಿಶೋಧಕನು ಈ ಕಾರಣದಿಂದಲೇ ನಡೆಯುವ ದಾರಿಗಿಂತ ನಡೆಯದ ದಾರಿಯನ್ನು ಹೆಚ್ಚು ಸಾವಧಾನವಾಗಿ ಓದುತ್ತಾನೆ. ಹಸ್ತಪ್ರತಿಗಳನ್ನು ಪರಿಷ್ಕರಿಸಿದವರಿಗೆ ಇದು ಹೊಸದಾಗಿ ತೋರದು. ಎಲ್ಲರೂ ಪಾರಾಯಣ ಮಾಡುವ ಭಾಗಕ್ಕಿಂತ ಯಾರೂ ಓದದ ಸಂಧಿಗಳಲ್ಲಿಯೇ ಲಿಪಿಕಾರನ ಪ್ರಮಾದಗಳು ತಿದ್ದುಪಡಿಯಿಲ್ಲದೆ ಉಳಿದುಕೊಳ್ಳುವುದು ಸಹಜ.

ಹೆಜ್ಜೆಗಳ ಕ್ರಮದಲ್ಲಿಯೂ ಸೂಕ್ಷ್ಮವುಂಟು. ಸಂಜ್ಞೆ ಬಂದಾಗ ಕರೆಯಿರಿ ಎಂದು ಬರೆಸಿಕೊಂಡ ಮರುಕ್ಷಣವೇ ಸಂಜ್ಞೆ ಬರಬಹುದು. ಆ ವೇಳೆಗೆ ಲೆಕ್ಕವನ್ನಿಡತಕ್ಕ ಮೆಮೊರಿಯು ಸಿದ್ಧವಾಗಿರದಿದ್ದರೆ, ಅತಿಥಿಯು ಬಂದು ಎಲೆಯ ಮುಂದೆ ಕುಳಿತ ಮೇಲೆ ಅಕ್ಕಿಯನ್ನು ತರಲು ಹೋದಂತಾಗುವುದು. ಅಂತ್ಯದಲ್ಲಿಯೂ ಹೀಗೆಯೇ. 2007ರಿಂದೀಚೆಗೆ ಲಿನಕ್ಸಿನಲ್ಲಿ, ಡ್ರೈವರು ತಾನು ಪಡೆದುದನ್ನು ತಾನೇ ಹಿಂದಿರುಗಿಸದಿದ್ದರೂ ಕರ್ನಲ್ಲೇ ಕೊನೆಯಲ್ಲಿ ತಾನಾಗಿ ಹಿಂದಕ್ಕೆ ತೆಗೆದುಕೊಳ್ಳುವ ಒಂದು ಅನುಕೂಲವಿದೆ. ಇದರಿಂದ ಮರೆವಿನ ದೋಷಗಳು ಬಹುಮಟ್ಟಿಗೆ ತಪ್ಪಿದುವು. ಆದರೆ ಹೊಸದೊಂದು ದೋಷ ಹುಟ್ಟಿತು. ಬರೆದವನು ಸಂಜ್ಞೆಯ ಏರ್ಪಾಡನ್ನು ಕರ್ನಲ್ಲಿನ ವಶಕ್ಕೆ ಬಿಟ್ಟು, ಲೆಕ್ಕದ ಮೆಮೊರಿಯನ್ನು ಮಾತ್ರ ತನ್ನ ಕೈಯಿಂದಲೇ ಹಿಂದಿರುಗಿಸಿದರೆ, ಮೆಮೊರಿ ಮೊದಲು ಹೋಗಿ ಸಂಜ್ಞೆಯ ಏರ್ಪಾಡು ತರುವಾಯ ಹೋಗುತ್ತದೆ. ನಡುವಣ ಅವಕಾಶದಲ್ಲಿ ಒಂದು ಸಂಜ್ಞೆ ಬಂದರೆ ಅದು ತನ್ನದಲ್ಲದ ಮೆಮೊರಿಯನ್ನು ಮುಟ್ಟುತ್ತದೆ. ಅನುಕೂಲಗಳನ್ನು ಅರೆಬರೆಯಾಗಿ ಸ್ವೀಕರಿಸುವುದರಿಂದ ಬರುವ ಈ ತೊಡಕನ್ನು ಅನುಭವಿಗಳಾದ ಪರಿಶೋಧಕರು ಮೊದಲ ನೋಟದಲ್ಲಿಯೇ ಹುಡುಕುತ್ತಾರೆ.

ಇನ್ನು ಬೀಗಗಳ ವಿಚಾರ. ಈ ಭಾಗದಲ್ಲಿ ನಮ್ಮ ತರ್ಕಶಾಸ್ತ್ರದ ಶಬ್ದಗಳು ಆಶ್ಚರ್ಯಕರವಾಗಿ ಹೊಂದುತ್ತವೆ. ಒಂದೇ ಲೆಕ್ಕವನ್ನು ಇಬ್ಬರು ಏಕಕಾಲದಲ್ಲಿ ತಿದ್ದಬಾರದೆಂದು ಅದಕ್ಕೆ ಒಂದು ಬೀಗವನ್ನಿಟ್ಟಿರುತ್ತಾರೆ. ಬೀಗವು ತನಗೆ ದೊರೆಯುವ ತನಕ ಬಂದವನು ಬಾಗಿಲಲ್ಲಿ ಕಾಯಬೇಕು. ಈಗ ಒಂದು ಕಾರ್ಯವು ಬೀಗವನ್ನು ಹಿಡಿದು ಲೆಕ್ಕ ಬರೆಯುತ್ತಿರುವಾಗ, ಅದೇ ಪ್ರೊಸೆಸರಿನಲ್ಲಿ ಸಾಧನದ ಸಂಜ್ಞೆಯು ಬಂದು ಆ ಕಾರ್ಯವನ್ನು ನಡುವೆಯೇ ನಿಲ್ಲಿಸಿತೆನ್ನೋಣ. ಸಂಜ್ಞೆಯನ್ನು ವಿಚಾರಿಸುವ ಭಾಗವೂ ಅದೇ ಬೀಗವನ್ನು ಬೇಡುತ್ತದೆ. ಬೀಗವು ಬಿಡಬೇಕಾದರೆ ನಿಂತ ಕಾರ್ಯವು ಮುಂದುವರಿಯಬೇಕು. ಅದು ಮುಂದುವರಿಯಬೇಕಾದರೆ ಸಂಜ್ಞೆಯ ವಿಚಾರವು ಮುಗಿಯಬೇಕು. ಅದು ಮುಗಿಯಬೇಕಾದರೆ ಬೀಗವು ಬಿಡಬೇಕು. ಇದೇ ಅನ್ಯೋನ್ಯಾಶ್ರಯ. ಎರಡರ ಬದಲು ಮೂರು ನಾಲ್ಕು ಬೀಗಗಳು ಸುತ್ತು ಹಾಕಿಕೊಂಡರೆ ಅದು ಚಕ್ರಕ. ತರ್ಕದಲ್ಲಿ ಈ ದೋಷಗಳಿಂದ ವಾದವು ಸೋಲುತ್ತದೆ; ಇಲ್ಲಿ ಯಂತ್ರವು ನಿಂತಲ್ಲಿಯೇ ನಿಲ್ಲುತ್ತದೆ. ಪರಿಹಾರವು ಸರಳವಾದುದು: ಸಂಜ್ಞೆಯ ಭಾಗಕ್ಕೂ ಬೇಕಾಗುವ ಬೀಗವನ್ನು ಹಿಡಿಯುವಾಗ ಅಷ್ಟು ಹೊತ್ತು ಆ ಪ್ರೊಸೆಸರಿನಲ್ಲಿ ಸಂಜ್ಞೆಗಳನ್ನು ತಡೆಹಿಡಿಯುವುದು, ಮತ್ತು ಹಲವು ಬೀಗಗಳನ್ನು ಎಲ್ಲರೂ ಒಂದೇ ಕ್ರಮದಲ್ಲಿ ಹಿಡಿಯುವುದು. 2006ರಲ್ಲಿ ಇಂಗೊ ಮೊಲ್ನಾರ್ ಎಂಬವರು ಲಿನಕ್ಸಿಗೆ ಸೇರಿಸಿದ 'ಲಾಕ್‌ಡೆಪ್' ಎಂಬ ಉಪಕರಣವು, ಚಕ್ರವು ನಿಜವಾಗಿ ಕೂಡಿಕೊಳ್ಳದಿದ್ದರೂ ಕೂಡಬಹುದಾದ ಸಂಭವವನ್ನು ಬೀಗಗಳ ಕ್ರಮದಿಂದಲೇ ಊಹಿಸಿ ಹೇಳುತ್ತದೆ. ಆದರೂ ಅದು ನಡೆದ ದಾರಿಗಳನ್ನು ಮಾತ್ರ ಬಲ್ಲುದು.

ಸಂಜ್ಞೆಯನ್ನು ವಿಚಾರಿಸುವ ಭಾಗಕ್ಕೆ ಇನ್ನೊಂದು ವ್ರತವಿದೆ: ಅದು ನಿದ್ರಿಸಕೂಡದು. ಮೆಮೊರಿ ಸಾಲದೆ ಕಾಯುವುದು, ನಿಧಾನವಾದ ಸಾಧನದ ಉತ್ತರಕ್ಕಾಗಿ ಮಲಗಿರುವುದು, ಇವೆಲ್ಲ ಅದಕ್ಕೆ ನಿಷಿದ್ಧ. ಈ ನಿಷೇಧವು ಕೋಡಿನ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ಯಾವ ಕಾರ್ಯವು ಯಾವ ಸಂದರ್ಭದಲ್ಲಿ ಕರೆಯಲ್ಪಡುವುದೆಂಬುದನ್ನು ಪ್ರಕರಣದಿಂದಲೇ ತಿಳಿಯಬೇಕು. ಮೀಮಾಂಸಕರು ವಾಕ್ಯಕ್ಕೆ ಅರ್ಥವನ್ನು ನಿರ್ಣಯಿಸುವಾಗ ಪ್ರಕರಣವನ್ನು ಒಂದು ಪ್ರಮಾಣವಾಗಿ ಸ್ವೀಕರಿಸಿರುವಂತೆ, ಇಲ್ಲಿಯೂ ಒಂದೇ ಸಾಲು ಒಂದು ಪ್ರಕರಣದಲ್ಲಿ ವಿಹಿತ, ಇನ್ನೊಂದರಲ್ಲಿ ನಿಷಿದ್ಧ.

ವ್ಯಾಕರಣಶಾಸ್ತ್ರವನ್ನು ಓದಿದವರಿಗೆ ಮಾತ್ರ ಬೇಗ ಹೊಳೆಯಬಹುದಾದ ಒಂದು ವಿಷಯವುಂಟು. ಪಾಣಿನಿಯ ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳಲ್ಲಿ ವಿಧಿಸಿದ ಕಾರ್ಯವು ಹಿಂದಣ ಸೂತ್ರಗಳ ದೃಷ್ಟಿಗೆ ಅಸಿದ್ಧ. ಎಂದರೆ, ಆಗಿದ್ದರೂ ಆಗದಿದ್ದಂತೆ. ಇಂತಹ ಅಸಿದ್ಧತ್ವವು ಪ್ರೊಸೆಸರುಗಳಲ್ಲಿ ಬೇರೊಂದು ರೀತಿಯಿಂದ ಕಾಣುತ್ತದೆ. ಜಾಲದ ಕಾರ್ಡಿಗೆ ಒಂದು ಕೆಲಸವನ್ನು ಒಪ್ಪಿಸುವಾಗ ಡ್ರೈವರು ಮೆಮೊರಿಯಲ್ಲಿ ಒಂದು ಚೀಟಿಯನ್ನು ಬರೆಯುತ್ತದೆ: ಕಳುಹಿಸಬೇಕಾದುದು ಎಲ್ಲಿದೆ, ಎಷ್ಟುದ್ದವಿದೆ ಎಂದು ಬರೆದು, ಕೊನೆಗೆ 'ಇನ್ನು ಇದು ನಿನ್ನದು' ಎಂಬ ಗುರುತನ್ನು ಹಾಕುತ್ತದೆ. ಕಾರ್ಡು ಆ ಗುರುತನ್ನು ನೋಡಿ ಚೀಟಿಯನ್ನು ಓದುತ್ತದೆ. ಡ್ರೈವರು ಈ ಕ್ರಮದಲ್ಲಿಯೇ ಬರೆದಿದ್ದರೂ, ಕಾರ್ಡಿನ ದೃಷ್ಟಿಗೆ ಗುರುತು ಮೊದಲು ಸಿದ್ಧವಾಗಿ, ಉದ್ದವೂ ಸ್ಥಾನವೂ ಇನ್ನೂ ಅಸಿದ್ಧವಾಗಿರಬಹುದು. ಆಗ ಕಾರ್ಡು ಹಳೆಯ ಚೀಟಿಯ ವಿಳಾಸಕ್ಕೆ ಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಎರಡು ಬರಹಗಳ ನಡುವೆ 'ತಡೆ' ಎಂಬರ್ಥದ ಒಂದು ಆಜ್ಞೆಯನ್ನಿಡಬೇಕು. ಇಂಟೆಲ್ ಜಾತಿಯ ಪ್ರೊಸೆಸರುಗಳು ಸಾಮಾನ್ಯವಾದ ಬರಹಗಳ ಕ್ರಮವನ್ನು ತಾವಾಗಿಯೇ ಕಾಯ್ದುಕೊಳ್ಳುತ್ತವೆ. ದೂರವಾಣಿಗಳಲ್ಲಿರುವ ಆರ್ಮ್ ಜಾತಿಯವು ಹಾಗೆ ಕಾಯುವುದಿಲ್ಲ. ಆದುದರಿಂದ ಮೇಜಿನ ಮೇಲಿನ ಯಂತ್ರದಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದ ಡ್ರೈವರು ಕೈಯಲ್ಲಿಯ ಯಂತ್ರಕ್ಕೆ ಬಂದೊಡನೆ ಎಂದೋ ಒಮ್ಮೆ, ಕಾರಣವಿಲ್ಲದೆಯೇ ಎಂಬಂತೆ, ತಪ್ಪತೊಡಗುತ್ತದೆ. ಪರೀಕ್ಷೆಯಿಂದ ಇದನ್ನು ಹಿಡಿಯುವುದು ಬಲು ಕಷ್ಟ. ಓದುವವನು ಗುರುತಿನ ಸಾಲನ್ನು ಕಂಡೊಡನೆ ಅದರ ಮೇಲಿನ ಸಾಲಿನಲ್ಲಿ ತಡೆಯಿದೆಯೇ ಎಂದು ನೋಡುವ ಅಭ್ಯಾಸವನ್ನು ಬೆಳೆಸಿಕೊಂಡಿದ್ದರೆ ಅರೆನಿಮಿಷದ ಕೆಲಸ.

ಸಾಧನವು ಕೊಡುವ ಉತ್ತರವನ್ನೂ, ಬಳಕೆದಾರನು ಕಳುಹಿಸುವ ಮಾತನ್ನೂ ಪರಿಶೋಧಕನು ಸಂದೇಹದಿಂದಲೇ ನೋಡಬೇಕು. ಸ್ಥಿತಿಯ ಬಿಟ್ಟು ಬದಲಾಗುವ ತನಕ ಕಾಯುವ ಕೋಡಿಗೆ ಕಾಲದ ಮಿತಿಯಿಲ್ಲದಿದ್ದರೆ, ಕೆಟ್ಟುನಿಂತ ಸಾಧನವು ಕರ್ನಲ್ಲನ್ನೂ ತನ್ನೊಡನೆ ನಿಲ್ಲಿಸಿಕೊಳ್ಳುತ್ತದೆ. ಬಳಕೆದಾರನ ಮೆಮೊರಿಯಿಂದ ಉದ್ದವನ್ನು ಒಮ್ಮೆ ಓದಿ ಪರೀಕ್ಷಿಸಿ, ಬಳಿಕ ನಕಲು ಮಾಡುವಾಗ ಅದನ್ನೇ ಮತ್ತೊಮ್ಮೆ ಓದಿದರೆ, ನಡುವೆ ಅವನು ಅದನ್ನು ಬದಲಾಯಿಸಿಬಿಡಬಹುದು. ಸಾಕ್ಷಿಯ ಹೇಳಿಕೆಯನ್ನು ಒಂದು ಸಲ ಬರೆದುಕೊಂಡು ಅದನ್ನೇ ಆಧರಿಸಬೇಕೇ ಹೊರತು ಪ್ರತಿಯೊಂದು ಹೆಜ್ಜೆಯಲ್ಲಿಯೂ ಅವನನ್ನೇ ಕೇಳುತ್ತಿರಬಾರದು.

ಬರೆದ ಬದಲಾವಣೆಯನ್ನು ಒಪ್ಪಿಸುವ ಕ್ರಮಕ್ಕೂ ವಿಧಿಗಳಿವೆ. ಒಂದು ಬದಲಾವಣೆಗೆ ಪ್ಯಾಚ್, ಎಂದರೆ ತೇಪೆ, ಎಂದು ಹೆಸರು. ಒಂದು ಪ್ಯಾಚಿನಲ್ಲಿ ಒಂದೇ ವಿಷಯವಿರತಕ್ಕದ್ದು. ದೋಷವನ್ನು ತಿದ್ದುವುದು, ಹೆಸರನ್ನು ಬದಲಿಸುವುದು, ಹೊಸ ಗುಣವನ್ನು ಸೇರಿಸುವುದು, ಇವನ್ನು ಕೂಡಿಸಿ ಕಳುಹಿಸಿದರೆ ಬಿಡಿಸಿ ತರುವಂತೆ ಹಿಂದಿರುಗಿಸುತ್ತಾರೆ. ಒಂದು ವಾಕ್ಯದಿಂದ ಎರಡು ವಿಧಿಗಳನ್ನು ಹೊರಡಿಸುವುದನ್ನು ಮೀಮಾಂಸಕರು ವಾಕ್ಯಭೇದದೋಷವೆಂದು ತಿರಸ್ಕರಿಸಿರುವುದು ವಾಚಕರ ನೆನಪಿಗೆ ಬರಬಹುದು. ಪ್ಯಾಚಿನ ತಲೆಯಲ್ಲಿ ಅವತರಣಿಕೆಯೊಂದಿರಬೇಕು; ಏನನ್ನು ಬದಲಿಸಿದೆ ಎಂಬುದಕ್ಕಿಂತ ಏತಕ್ಕಾಗಿ ಬದಲಿಸಿದೆ ಎಂಬುದು ಅದರಲ್ಲಿ ಮುಖ್ಯ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರದೊಡನೆ ತಾನೇ ವೃತ್ತಿಯನ್ನೂ ಪ್ರಯೋಗವನ್ನೂ ಕೊಟ್ಟುದರಿಂದ ಸೂತ್ರಾರ್ಥದಲ್ಲಿ ಕಲಹಕ್ಕೆ ಎಡೆ ಕಡಮೆಯಾಯಿತು. ಉತ್ತಮವಾದ ಪ್ಯಾಚಿನಲ್ಲಿಯೂ ಕೋಡು ಸೂತ್ರದಂತೆಯೂ, ಅವತರಣಿಕೆಯು ವೃತ್ತಿಯಂತೆಯೂ, ಪರೀಕ್ಷೆಯ ವಿವರವು ಪ್ರಯೋಗದಂತೆಯೂ ಇರುವುದು. ಕೆಲವು ಪರಿಶೋಧಕರು ಪದಗಳ ನಡುವಣ ಅಂತರ, ಸಾಲಿನ ಉದ್ದ ಇವನ್ನಷ್ಟೇ ತಿದ್ದಿ ಕೈತೊಳೆದುಕೊಳ್ಳುವುದುಂಟು. ಅಚ್ಚಿನ ತಪ್ಪನ್ನು ತಿದ್ದಿದವನನ್ನು ಸಂಪಾದಕನೆಂದು ಕರೆದಂತೆ ಅದು. ಅಷ್ಟನ್ನು ಮಾಡುವುದಕ್ಕೆ ಬೇರೆ ಉಪಕರಣವೇ ಇ‍ದೆ.

ನಮ್ಮ ಓಲೆಗರಿಯ ಪ್ರತಿಗಳ ಕೊನೆಯಲ್ಲಿ, ತಾನು ಕಂಡಂತೆ ಬರೆದಿರುವುದರಿಂದ ತಪ್ಪಿದ್ದರೆ ತನ್ನ ಮೇಲೆ ದೋಷವನ್ನು ಹೊರಿಸಬಾರದೆಂದು ಲಿಪಿಕಾರನು ಬೇಡಿಕೊಳ್ಳುವುದುಂಟಷ್ಟೆ. ಲಿನಕ್ಸಿನ ಪ್ಯಾಚಿನ ಕೊನೆಯಲ್ಲಿ ಬರುವ ಸಾಲುಗಳ ತಾತ್ಪರ್ಯವು ಇದಕ್ಕೆ ವಿರುದ್ಧವಾದುದು. 2004ರಿಂದೀಚೆಗೆ ಬರೆದವನೂ ಕೈದಾಟಿಸಿದವನೂ, ಇದನ್ನು ಒಪ್ಪಿಸುವ ಹಕ್ಕು ತನಗಿದೆಯೆಂದು ತಂತಮ್ಮ ಹೆಸರನ್ನು ಬರೆದು ಹೊಣೆಯನ್ನು ವಹಿಸಿಕೊಳ್ಳಬೇಕಾಗಿದೆ. ಪರಿಶೋಧಿಸಿದವನ ಹೆಸರೂ, ಪರೀಕ್ಷಿಸಿದವನ ಹೆಸರೂ ಬೇರೆ ಬೇರೆ ಸಾಲುಗಳಲ್ಲಿ ಬರುತ್ತವೆ. ಪರಿಶೋಧಕನ ಸಾಲು ನಿರ್ದೋಷತ್ವಕ್ಕೆ ಆಣೆಯಲ್ಲ. ತಾನು ಓದಿ, ಎತ್ತಿದ ಆಕ್ಷೇಪಗಳಿಗೆ ಸಮಾಧಾನವನ್ನು ಪಡೆದು, ಇದು ಸೇರತಕ್ಕದ್ದೆಂದು ನಂಬಿರುವುದಾಗಿ ಮಾತ್ರ ಅದರ ಅರ್ಥ.

ಓದಿನಿಂದ ಎಲ್ಲವೂ ಸಿಕ್ಕುವುದೆಂದು ಹೇಳುವಂತಿಲ್ಲ. 2008ರ ಶರತ್ಕಾಲದಲ್ಲಿ ಲಿನಕ್ಸಿನ 2.6.27ನೆಯ ಆವೃತ್ತಿಯು ಸಿದ್ಧವಾಗುತ್ತಿದ್ದಾಗ, ಇಂಟೆಲ್ ಸಂಸ್ಥೆಯ ಕೆಲವು ಜಾಲಕಾರ್ಡುಗಳಲ್ಲಿ ಶಾಶ್ವತವಾಗಿ ಬರೆದಿಟ್ಟಿದ್ದ ವಿವರಗಳು ಅಳಿಸಿಹೋಗಿ ಕಾರ್ಡುಗಳು ನಿರುಪಯುಕ್ತವಾದುವು. ಕೋಡಿನ ತಪ್ಪಿನಿಂದ ಲೋಹದ ಸಾಧನವೇ ಕೆಟ್ಟ ಸಂದರ್ಭವಾದುದರಿಂದ ಗಾಬರಿಯು ಸಹಜವಾಗಿದ್ದಿತು. ಸಂದೇಹವೆಲ್ಲವೂ ಆ ಕಾರ್ಡಿನ 'ಇ1000ಇ' ಎಂಬ ಡ್ರೈವರಿನ ಮೇಲೆ ಬಿದ್ದಿತು. ಅದನ್ನು ಎಷ್ಟು ಓದಿದರೂ ದೋಷ ಸಿಕ್ಕಲಿಲ್ಲ. ಕೊನೆಗೆ ಕಾರಣವು ಬೇರೆ ಕಡೆ ದೊರೆಯಿತು. ಕರ್ನಲ್ಲಿನ ನಡೆಯನ್ನು ಗುರುತಿಸುವ 'ಎಫ್‌ಟ್ರೇಸ್' ಎಂಬ ಭಾಗವು ಕೆಲವು ಸ್ಥಾನಗಳ ವಿಳಾಸಗಳನ್ನು ಬರೆದಿಟ್ಟುಕೊಂಡು, ತರುವಾಯ ಅಲ್ಲಿಗೆ ಹೋಗಿ ತಿದ್ದುತ್ತಿದ್ದಿತು. ಆ ಸ್ಥಾನಗಳಲ್ಲಿ ಕೆಲವು ಆರಂಭದ ಕೆಲಸ ಮುಗಿದೊಡನೆ ತೆರವಾಗತಕ್ಕವು. ವಿಜಯನಗರದ ಒಂದು ಮನೆಯನ್ನು ಬಾಡಿಗೆಯವರು ಬಿಟ್ಟುಹೋದ ಮೇಲೆ ಬೇರೆಯವರು ಬಂದು ಸೇರಿದಂತೆ, ತೆರವಾದ ವಿಳಾಸಕ್ಕೆ ಜಾಲಕಾರ್ಡಿನ ಶಾಶ್ವತ ಮೆಮೊರಿಯು ಬಂದು ಕುಳಿತಿದ್ದಿತು. ಎಫ್‌ಟ್ರೇಸು ಉಪಯೋಗಿಸಿದ ಆಜ್ಞೆಯು 'ಹಳೆಯದು ನಾನು ಬಲ್ಲಂತೆಯೇ ಇದ್ದರೆ ಮಾತ್ರ ಹೊಸದನ್ನು ಬರೆ' ಎಂಬ ಎಚ್ಚರಿಕೆಯದೇ ಆಗಿದ್ದಿತು. ಆದರೆ ಆ ಆಜ್ಞೆಯು ಹೋಲಿಕೆ ತಪ್ಪಿದಾಗಲೂ ಸುಮ್ಮನಿರದೆ, ಓದಿದುದನ್ನೇ ಮತ್ತೆ ಬರೆಯುತ್ತದೆ. ಸಾಮಾನ್ಯವಾದ ಮೆಮೊರಿಯಲ್ಲಿ ಇದರಿಂದ ಹಾನಿಯಿಲ್ಲ. ಸಾಧನಕ್ಕಾದರೋ ಬರೆಯುವುದೆಂಬುದೇ ಒಂದು ಅಪ್ಪಣೆ. ಎರಡು ಗ್ರಂಥಭಾಗಗಳೂ ತಂತಮ್ಮಷ್ಟಕ್ಕೆ ಓದಿದರೆ ನಿರ್ದೋಷವಾಗಿದ್ದು, ಕೂಡಿದಾಗ ಮಾತ್ರ ಅನರ್ಥವಾಯಿತು. ಒಂದೊಂದು ಅಧ್ಯಾಯವನ್ನು ಒಬ್ಬೊಬ್ಬರು ಶೋಧಿಸಿದ ಗ್ರಂಥದಲ್ಲಿ ಅಧ್ಯಾಯಗಳ ನಡುವಣ ವಿರೋಧವು ಯಾರ ಕಣ್ಣಿಗೂ ಬೀಳದೆ ಹೋಗುವುದಕ್ಕೆ ಇದು ಉದಾಹರಣೆ.

ಇನ್ನೊಂದು ಪ್ರಸಂಗವು ಪ್ರಕ್ಷೇಪಕ್ಕೆ ಸಂಬಂಧಿಸಿದುದು. ಪ್ರಾಚೀನ ಕಾವ್ಯಗಳಲ್ಲಿ ಪರರು ಸೇರಿಸಿದ ಪದ್ಯಗಳನ್ನು ಕಂಡುಹಿಡಿಯುವುದು ಸಂಪಾದಕರ ಕರ್ತವ್ಯಗಳಲ್ಲಿ ಒಂದಾಗಿದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಕೆಲವು ಸಂಶೋಧಕರು, ದೋಷವನ್ನು ಒಳಗೆ ಅಡಗಿಸಿದ ಪ್ಯಾಚುಗಳು ಪರಿಶೋಧಕರ ಕಣ್ಣು ತಪ್ಪಿಸಿ ಹೋಗಬಲ್ಲುವೇ ಎಂದು ನೋಡುವುದಕ್ಕಾಗಿ, 2020ರಲ್ಲಿ ಅಂತಹವನ್ನು ಸುಳ್ಳು ಹೆಸರುಗಳಿಂದ ಲಿನಕ್ಸಿಗೆ ಕಳುಹಿಸಿ, ಅದನ್ನು ಕುರಿತು ಒಂದು ಪ್ರಬಂಧವನ್ನೂ ಬರೆದರು. ಓದುವವರ ಅನುಮತಿಯನ್ನು ಪಡೆದಿರಲಿಲ್ಲ. ಪರಿಶೋಧಕರು ಕೂಲಿಯಿಲ್ಲದೆಯೋ ಬೇರೆ ಕೆಲಸದ ನಡುವೆಯೋ ಓದುವವರಾದುದರಿಂದ, ಬರೆದವನು ಪ್ರಾಮಾಣಿಕನೆಂಬ ವಿಶ್ವಾಸವೇ ಅವರ ಓದಿಗೆ ತಳಹದಿ. ಆ ತಳಹದಿಯನ್ನೇ ಕೆದಕಿದ ಈ ಪ್ರಯೋಗವನ್ನು ಸಮರ್ಥಿಸುವುದು ಕಷ್ಟ. 2021ರ ಏಪ್ರಿಲ್‌ನಲ್ಲಿ ಲಿನಕ್ಸಿನ ಹಿರಿಯ ಪಾಲಕರಲ್ಲೊಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರು ಆ ವಿಶ್ವವಿದ್ಯಾಲಯದಿಂದ ಬರುವ ಬದಲಾವಣೆಗಳನ್ನು ಸ್ವೀಕರಿಸುವುದಿಲ್ಲವೆಂದು ಪ್ರಕಟಿಸಿದರು. ಪ್ರಬಂಧವು ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟಿತು. ಆಮೇಲೆ, ಆ ವಿಶ್ವವಿದ್ಯಾಲಯದವರು ಅದುವರೆಗೆ ಕೊಟ್ಟಿದ್ದ 435 ಬದಲಾವಣೆಗಳನ್ನೂ ಅನೇಕರು ಹಂಚಿಕೊಂಡು ಮೊದಲಿನಿಂದ ಓದಿದರು. 349 ಸರಿಯಾಗಿದ್ದುವು. 25ನ್ನು ಆ ವೇಳೆಗಾಗಲೇ ಬೇರೆಯವರು ತಿದ್ದಿದ್ದರು. 39ರಲ್ಲಿ ತಿದ್ದಬೇಕಾದ ತಪ್ಪುಗಳು ಕಂಡುಬಂದುವು. ಈ 39 ಆ ಪ್ರಯೋಗದ ಪ್ಯಾಚುಗಳಲ್ಲ. ಸದುದ್ದೇಶದಿಂದ ಬರೆಯಲ್ಪಟ್ಟು, ಹಿಂದೆ ಒಮ್ಮೆ ಪರಿಶೋಧಕರ ಕೈದಾಟಿ ಕರ್ನಲ್ಲನ್ನು ಸೇರಿದ್ದವು.